ನೆರಳಲ್ಲಿ ಆರಿಸಿದ್ದು

ಕಾರವಾರದ ಹಬ್ಬುವಾಡದ ಒಂದು ಮಹಡಿ ಮನೆಯ ಮೆಟ್ಟಿಲುಗಳ ಮೇಲೆ ಶನಿವಾರ, ಭಾನುವಾರದ ಸಂಜೆ ಕೂತಿರುತ್ತಿದ್ದ ನಾವು ತಾಯಂದಿರೆಲ್ಲ ಸೇರಿ ಒಂದು ಮಾತನ್ನು ತಪ್ಪು ತಿಳಿದುಕೊಂಡಿದ್ದೆವು. ಮೇಲೆ ಹಾಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಬ್ಯಾಲೆ ಕಲಿಯುತ್ತಿದ್ದರು. ಕ್ಲಾಸು ಮುಗಿಯುವ ಹೊತ್ತಿಗೆ ಪಿಯಾನೋದ ಸದ್ದು ಸಣ್ಣಗಾಗಿ, ಕಲಿಸುವವರ ದನಿ ಕೆಳಗಿನ ತನಕ ಕೇಳುತ್ತಿತ್ತು: "ನೌ ಗರ್ಲ್ಸ್, ಕೂಲ್ ಡೌನ್." ಅಷ್ಟು ಕೇಳಿದ್ದೇ ತಡ, ನಾವು ಚೀಲ ಬಿಚ್ಚುತ್ತಿದ್ದೆವು. ನನ್ನ ಹತ್ತಿರ ಮುರುಗಲು ಪಾನಕ, ಇನ್ನೊಬ್ಬಳ ಹತ್ತಿರ ಲಾವಂಚದ ಬೇರು ಹಾಕಿದ ನೀರು, ಮತ್ತೊಬ್ಬಳದು ರಾಗಿ ಅಂಬಲಿ. ಕುಣಿದು ಮೈಯಲ್ಲಿ ಉಷ್ಣ ಏರಿದೆ, ಅದನ್ನು ತಂಪು ಮಾಡಿ ಎಂದು ಕಲಿಸುವವರೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾರೆ ಎಂದು ನಮ್ಮ ತಿಳಿವಳಿಕೆ. ಮಕ್ಕಳು ಕೆಳಗೆ ಇಳಿದದ್ದೇ ಅಂಗಳದ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಕಾಲಿಗೆ ತಣ್ಣೀರು ಹೊಯ್ಯುವುದು. ಯಾರ ಪಾನಕ ಹೆಚ್ಚು ತಂಪು ಎಂದು ನಮ್ಮೊಳಗೆ ಸಣ್ಣ ಪೈಪೋಟಿಯೂ ಇತ್ತು. ನನ್ನದೇ ಗೆಲ್ಲುತ್ತಿತ್ತು, ಯಾಕೆಂದರೆ ಮುರುಗಲು ಎಲ್ಲಿ ಒಳ್ಳೆಯದು ಸಿಗುತ್ತದೆ ಎನ್ನುವುದು ನನಗೆ ಗೊತ್ತು.

ನನ್ನ ಕಸುಬು ಅಕ್ಕಿ. ಕುಚ್ಚಿಗೆ ಅಕ್ಕಿ. ಹುಟ್ಟಿದ್ದು ಅಗಸೂರಿನ ಗದ್ದೆ ಕೆಲಸದವರ ಮನೆಯಲ್ಲಿ. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಯಲ್ಲಿ ಸೊಪ್ಪು ಮಾರಿದೆ, ಆಮೇಲೆ ಅಕ್ಕಿಗೆ ಇಳಿದೆ. ಈಗ ಅಂಕೋಲೆಯಲ್ಲಿ ಸ್ವಂತ ಅಂಗಡಿ ಇದೆ, ಭಾನುವಾರ ಕಾರವಾರದ ಸಂತೆಯಲ್ಲಿ ಜಾಗ ಇದೆ. ಅಂಗಡಿಯಲ್ಲಿ ತಕ್ಕಡಿ ಗಂಡನದು, ಬಾಯಿ ನನ್ನದು. ಅಗಸೂರಿನಿಂದ ಕಿನ್ನರದ ತನಕ ಯಾರ ಮನೆಯ ಭತ್ತ ಹೇಗಿರುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಒಂದು ಕಾಳು ಹಲ್ಲಿಗೆ ಕೊಟ್ಟರೆ ಸಾಕು, ಅದು ಅಂಗಳದಲ್ಲಿ ಒಣಗಿದ್ದೋ ಹೆದ್ದಾರಿಯ ಡಾಂಬರಿನ ಮೇಲೆ ಒಣಗಿದ್ದೋ ಗೊತ್ತಾಗುತ್ತದೆ.

ಬ್ಯಾಲೆ ನಮ್ಮ ಮನೆಗೆ ಬಂದದ್ದೂ ಅಕ್ಕಿಯ ಜೊತೆಗೇ. ಕಲಿಸುವವರು ಗೋವೆಯಲ್ಲಿ ಹುಟ್ಟಿ, ಅಲ್ಲೇ ಚಿಕ್ಕಂದಿನಿಂದ ಕಲಿತು, ಮದುವೆಯಾಗಿ ಕಾರವಾರಕ್ಕೆ ಬಂದವರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುವುದು ರೂಢಿ, ಹಾಗಾಗಿ ಮಕ್ಕಳಿಗೆ ಅವರು ಮಿಸ್, ನನಗೆ ಅಕ್ಕೋರು. ಅವರ ಮನೆಗೆ ಅಕ್ಕಿ ಕೊಡಲು ಹೋದ ದಿನ ನನ್ನ ಮಗಳು ಜೊತೆಗಿದ್ದಳು. ನಾನು ಕೆಳಗೆ ದರ ಮಾತಾಡಿ ಮುಗಿಸುವ ಹೊತ್ತಿಗೆ ಅವಳು ಮೇಲೆ ಹತ್ತಿ ಬಾಗಿಲ ಸಂದಿಯಲ್ಲಿ ನಿಂತುಬಿಟ್ಟಿದ್ದಳು. ಕರೆದರೆ ಬರಲಿಲ್ಲ. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಕಾಲಿನ ಬೆರಳನ್ನು ಮೊದಲು ಇಟ್ಟು ಇಳಿದಳು. ಗಿರಾಕಿಗೆ ಮಾಲು ಹಿಡಿಸಿತೋ ಇಲ್ಲವೋ ತಿಳಿಯಲು ಅವರ ಕೈ ನೋಡಬೇಕು, ಮುಖ ಅಲ್ಲ. ನಾನು ಅವಳ ಕಾಲು ನೋಡಿದೆ, ಮರುವಾರವೇ ಸೇರಿಸಿದೆ.

ನಮ್ಮ ತಂಪಿನ ಸಂಗತಿ ಹೊರಗೆ ಬಿದ್ದದ್ದು ಒಂದು ಸಂಜೆ ಅಕ್ಕೋರು ಏನೋ ಮರೆತು ಮಕ್ಕಳ ಹಿಂದೆಯೇ ಕೆಳಗೆ ಇಳಿದಾಗ. ಬಾವಿಕಟ್ಟೆಯಲ್ಲಿ ಸಾಲಾಗಿ ನಿಂತ ಹುಡುಗಿಯರ ಕಾಲಿಗೆ ನಾವು ಕೊಡದಿಂದ ನೀರು ಹೊಯ್ಯುತ್ತಿದ್ದೆವು.

"ಅಯ್ಯೋ, ಇದು ಎಂತ ಮಾಡೂದು ನೀವು?"

"ಕೂಲ್ ಮಾಡೂದು ಅಕ್ಕೋರೆ," ಅಂದಳು ರಾಗಿ ಅಂಬಲಿಯವಳು. "ನೀವೇ ದಿನಾ ಕೂಗ್ತ್ರಲ್ಲ."

ಅಕ್ಕೋರು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಡೆಗೆ ಕಣ್ಣು ಒರೆಸಿಕೊಂಡು, ಗೋವೆಯವರು ಹೆಂಗಸರನ್ನು ಕರೆಯುವ ಹಾಗೆ ಕರೆದು ಹೇಳಿದರು: "ಬಾಯ್, ಅದು ತಂಪಲ್ಲ. ಕುಣಿಯುವಾಗ ಎದೆ ಓಡ್ತಾ ಇರ್ತದೆ. ಅದನ್ನ ಗಕ್ಕನೆ ನಿಲ್ಲಿಸಬಾರದು, ನಿಧಾನಕ್ಕೆ ನಡೆಸ್ಕೊಂಡು ಬಂದು ಕೂರಿಸಬೇಕು. ಮೈ ಬೆಚ್ಚಗಿರುವಾಗಲೇ ಕೈಕಾಲು ಮೆತ್ತಗೆ ಎಳ್ಕೊಳ್ಳಬೇಕು. ಬಿಸಿ ಕಾಫಿ ತನ್ನಷ್ಟಕ್ಕೆ ಆರ್ತದಲ್ಲ, ಹಂಗೆ. ಫ್ರಿಜ್ಜಲ್ಲಿ ಇಡೂದಲ್ಲ."

"ಹಂಗಾರೆ ನೆರಳಲ್ಲಿ ಆರ್ಸೂದು ಅನ್ನಿ," ಅಂದೆ ನಾನು.

"ಎಂತ ನೆರಳು?"

ಕುಚ್ಚಿಗೆ ಅಕ್ಕಿ ಮಾಡುವ ಮನೆಯಲ್ಲಿ ಹುಟ್ಟಿದವರಿಗೆ ಇದು ಹೇಳಬೇಕಾಗಿಲ್ಲ, ಅಕ್ಕೋರಿಗೆ ಬಿಡಿಸಿ ಹೇಳಬೇಕಾಯಿತು. ಭತ್ತವನ್ನು ನೆನೆಹಾಕಿ, ಹಂಡೆಯಲ್ಲಿ ಬೇಯಿಸಿ ತೆಗೆದ ಮೇಲೆ ನೇರ ಬಿಸಿಲಿಗೆ ಹಾಕುವಂತಿಲ್ಲ. ಹಾಕಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಕಾಳು ಬಿರಿಯುತ್ತದೆ. ಗಿರಣಿಗೆ ಹೋದಾಗ ಅಕ್ಕಿಯ ಬದಲು ನುಚ್ಚು ಬರುತ್ತದೆ. ಅದಕ್ಕೆ ಮೊದಲು ಮಾಡಿನ ಕೆಳಗೆ, ನೆರಳಿನಲ್ಲಿ, ಚಾಪೆಯ ಮೇಲೆ ಹರವಿ ಆರಿಸುವುದು. ಬಿಸಿಲು ಆಮೇಲೆ. ನನ್ನ ತಾಯಿ, ನಮ್ಮ ಮಾತಿನಲ್ಲಿ ಆಯಿ, ಆ ಭತ್ತದ ನಡುವೆ ಕಾಲಾಡಿಸುತ್ತಿದ್ದಳು. ಪಾದವನ್ನು ಎತ್ತದೆ, ಹಿಮ್ಮಡಿಯಿಂದ ಬೆರಳಿನ ತುದಿಯ ತನಕ ನೆಲಕ್ಕೆ ಸವರಿಕೊಂಡು ಮುಂದಕ್ಕೆ ಚಾಚಿ, ಹಾಗೇ ಹಿಂದಕ್ಕೆ ಎಳೆದುಕೊಳ್ಳುವುದು. ಹೋದ ಕಡೆಯೆಲ್ಲ ಭತ್ತದಲ್ಲಿ ಗೆರೆ ಬೀಳುತ್ತಿತ್ತು, ಅಡಿಯಲ್ಲಿದ್ದ ಕಾಳು ಮೇಲೆ ಬರುತ್ತಿತ್ತು. ಗೋಡೆಗುಂಟ ಹಾಕಿದ ಬಾರ್ ಎಂಬ ಮರದ ಸರಳು ಹಿಡಿದುಕೊಂಡು ನನ್ನ ಮಗಳು ಮೊದಲು ಕಲಿತದ್ದೂ ಇಂಥದ್ದೇ ಒಂದು ಚಾಚುವಿಕೆ. ಅದನ್ನು ನೋಡಿದಾಗ ನನಗೆ ಯಾರೋ ಪರಿಚಯದವರು ದಾರಿಯಲ್ಲಿ ಸಿಕ್ಕ ಹಾಗಾಗಿತ್ತು.

ಅಂದಿನಿಂದ ಆ ಹಾಲ್‌ನಲ್ಲಿ ಕೂಲ್ ಡೌನ್ ಹೋಗಿ "ಆರೂದು" ಉಳಿಯಿತು. ಸಣ್ಣ ಮಕ್ಕಳು "ಮಿಸ್, ಆರೂಕೆ ಹೊತ್ತಾಯ್ತು" ಎನ್ನತೊಡಗಿದರು. ಪಾನಕ ಮಾತ್ರ ನಿಲ್ಲಲಿಲ್ಲ. ಅದನ್ನು ಅಕ್ಕೋರೂ ಕುಡಿಯುತ್ತಿದ್ದರು.

ಆ ವರ್ಷ ದಸರಾ ರಜೆಯಲ್ಲಿ ಕಾರವಾರದ ಒಂದು ಸಭಾಂಗಣದಲ್ಲಿ ಮಕ್ಕಳ ಕಾರ್ಯಕ್ರಮ ಎಂದು ನಿಶ್ಚಯವಾಗಿತ್ತು. ಮಗಳಿಗೆ ಒಬ್ಬಳೇ ಕುಣಿಯುವ ಒಂದು ತುಂಡು ಕೊಟ್ಟಿದ್ದರು. ಅವಳು ಉಂಡದ್ದೂ ಮಲಗಿದ್ದೂ ಅದರಲ್ಲೇ. ಚೌತಿಯ ಮರುದಿನ ಬೆಳಿಗ್ಗೆ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಎದ್ದ ಮೈಯಲ್ಲೇ, ನಮ್ಮ ಮನೆಯ ತಣ್ಣನೆ ಕೆಂಪು ಸಿಮೆಂಟಿನ ನೆಲದ ಮೇಲೆ ಎರಡೂ ಕಾಲನ್ನು ಮುಂದಕ್ಕೂ ಹಿಂದಕ್ಕೂ ಪೂರ್ತಿ ಚಾಚಿ ಕೂರಲು ಹೋದಳು. ಗೆಳತಿಗೆ ವೀಡಿಯೋ ಕಳಿಸಬೇಕಿತ್ತಂತೆ. ಅಡುಗೆಮನೆಯಲ್ಲಿದ್ದ ನನಗೆ ಹಸಿ ಬಟ್ಟೆ ಹರಿದಂಥ ಒಂದು ಕೂಗು ಕೇಳಿತು. ಹೋಗಿ ನೋಡಿದರೆ ತೊಡೆಯ ಹಿಂಭಾಗ ಹಿಡಿದುಕೊಂಡು ಮಗ್ಗುಲಾಗಿ ಬಿದ್ದಿದ್ದಾಳೆ. ಮೊಬೈಲು ಎದುರಿಗೆ ಗೋಡೆಗೆ ಒರಗಿಕೊಂಡು ಇನ್ನೂ ಚಿತ್ರ ತೆಗೆಯುತ್ತಲೇ ಇತ್ತು.

ಡಾಕ್ಟರು ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ತೊಡೆಯ ಹಿಂದಿನ ಸ್ನಾಯು ಸ್ವಲ್ಪ ಹರಿದಿದೆ ಅಂದರು. ಜಿಗಿಯುವುದು, ಕಾಲು ಪೂರ್ತಿ ಚಾಚುವುದು ದೀಪಾವಳಿಯ ತನಕ ಬೇಡ. ಮೊದಲು ವಿಶ್ರಾಂತಿ, ಆಮೇಲೆ ಹಗುರಕ್ಕೆ ಅಲ್ಲಾಡಿಸಬಹುದು. ಅವಸರ ಮಾಡಿದರೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತದೆ, ಆಗ ಕುಣಿತದ ಮಾತು ಮರೆಯಬೇಕು.

ನಾನು ಬಾಯಿ ತೆರೆದೆ. ಅದು ನನ್ನ ಹುಟ್ಟುಗುಣ.

"ದೀಪಾವಳಿ ರಾಶಿ ದೂರಾಯ್ತು ಡಾಕ್ಟ್ರೆ. ನವರಾತ್ರಿಗೆ ಮುಗಿಸಿ ಕೊಡಿ."

"ಅಮ್ಮ, ನಾನು ಸ್ನಾಯು ಮಾರೋನಲ್ಲ," ಅಂದರು ಅವರು. "ಅದರ ದರ ಅದೇ ಹೇಳ್ತದೆ, ಒಂದೇ ದರ."

ಹೊರಗೆ ಬಂದ ಮೇಲೆ ಮಗಳು ನನ್ನ ಕಡೆ ನೋಡದೆ ಕೇಳಿದಳು. "ಆಯಿ, ನೀನು ಮಾತಾಡಿ ಆಗದೇ ಇದ್ದದ್ದು ಇದೇ ಮೊದ್ಲನೇದು ಅಲ್ವಾ?" ತಮಾಷೆಗೆ ಹೇಳಿದ್ದಲ್ಲ. ಅವಳು ನಿಜವಾಗಿ ನಂಬಿದ್ದಳು, ಆಯಿ ಹೋಗಿ ಮಾತಾಡಿದರೆ ಎಲ್ಲ ಆಗುತ್ತದೆ ಎಂದು.

ಅಕ್ಕೋರ ಹತ್ತಿರವೂ ಹೋದೆ. ಕುಣಿತವನ್ನು ಸುಲಭ ಮಾಡಿ, ಜಿಗಿತ ತೆಗೆಯಿರಿ, ಬರೀ ಕೈಯ ಕೆಲಸ ಇಡಿ, ಕೊನೆಗೆ ನಿಂತು ನಮಸ್ಕಾರ ಮಾಡುವುದಷ್ಟಾದರೂ ಇರಲಿ. ಅವರು ಎಲ್ಲದಕ್ಕೂ ಇಲ್ಲ ಎಂದು ತಲೆ ಅಲ್ಲಾಡಿಸಿದರು. ಕಡೆಗೆ ಅಂದರು: "ಈ ಸಲ ಸ್ಟೇಜ್ ಇಲ್ಲ. ಬೆಳಕು ಬಿದ್ದದ್ದೇ ಅವಳು ಕಾಲು ಮರೀತಾಳೆ, ನಂಗೆ ಗೊತ್ತಿಲ್ವಾ ಆ ಹೆಣ್ಣು? ಆದ್ರೆ ಡಾಕ್ಟರು ಹೂಂ ಅಂದ ಮೇಲೆ ಕ್ಲಾಸಿನ ಕೊನೆಗೆ ಬರಲಿ. ಆರೂಕೆ ಮಾತ್ರ. ಅಷ್ಟು ಬಿಟ್ರೆ ಮೈ ಕಟ್ಟಿಹೋಗ್ತದೆ, ಮತ್ತೆ ಶುರು ಮಾಡೂಕೆ ಮನಸ್ಸೇ ಬರೂದಿಲ್ಲ."

ಮಗಳಿಗೆ ಹೇಳಿದೆ. ಚಾಪೆಯ ಮೇಲೆ ಮಲಗಿದ್ದವಳು ಗೋಡೆಗೆ ಮುಖ ತಿರುಗಿಸಿದಳು.

"ನಾ ಹೋಗೂದಿಲ್ಲ."

"ಎಂತಕ್ಕೆ?"

"ಅವ್ರೆಲ್ಲ ಕುಣ್ದು ಮುಗ್ದ ಮೇಲೆ ನಾ ಹೋಗಿ ಕೂರೂದಾ? ಎಲ್ರ ಊಟ ಆದ್ಮೇಲೆ ಎಲೆ ತೆಗೂಕೆ ಹೋದಂಗೆ. ನಂಗೆ ಡ್ಯಾನ್ಸೇ ಬೇಡ. ಬಟ್ಟೆ, ಶೂ ಎಲ್ಲ ಯಾರಿಗಾದ್ರೂ ಕೊಟ್ಬಿಡು."

ಶೂ ಕೊಟ್ಟುಬಿಡು ಅಂದದ್ದು ನನಗೆ ಹೆದರಿಕೆ ಹುಟ್ಟಿಸಿತು. ಅಳುವ ಗಿರಾಕಿ, ಬೈಯುವ ಗಿರಾಕಿ ಮತ್ತೆ ಬರುತ್ತಾರೆ. ಸಮಾಧಾನವಾಗಿ ಚೀಲ ಮಡಚಿಕೊಂಡು ಎದ್ದವರು ಬರುವುದಿಲ್ಲ. ನಾನು ಸಮಾಧಾನ ಹೇಳಲಿಲ್ಲ, ಬೈಯಲಿಲ್ಲ. ಕೆಲವು ದಿನ ಬಿಟ್ಟು, ಡಾಕ್ಟರು ಹೂಂ ಅಂದ ಮೇಲೆ, ಒಂದು ಬೆಳಿಗ್ಗೆ ಅಕ್ಕಿಯ ಚೀಲ ಸರಿಸುತ್ತ ಸೊಂಟ ಹಿಡಿದುಕೊಂಡು, "ಈ ಸೊಂಟ ಒಂದು ಸಾಕು ಮಾಡ್ತು ಮಾರಾಯ್ತಿ. ಅಕ್ಕೋರು ನಂಗೂ ಆರೂಕೆ ಬಾ ಅಂದಾರೆ. ಒಬ್ಳೇ ಆ ಹುಡ್ಗೀರ ಮಧ್ಯ ಹೆಂಗೆ ಕೂರೂದು? ನೀ ಬಂದು ತೋರ್ಸಿ ಕೊಟ್ರೆ ಆತದೆ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಮಿಸ್ ಹಂಗೆ ಹೇಳೂದಿಲ್ಲ. ಇದು ನಿನ್ನ ಸಂತೆ ಬುದ್ಧಿ."

"ಸೊಂಟ ನೋವು ಸುಳ್ಳಲ್ಲ," ಅಂದೆ. ಅದು ಸುಳ್ಳಾಗಿರಲಿಲ್ಲ.

ಅವಳು ನನ್ನ ಸೆರಗಿನ ಕಡೆ ನೋಡಿ, "ಸೀರೆ ಉಟ್ಕೊಂಡು ಬರಬೇಡ. ಚೂಡಿದಾರ ಹಾಕು," ಅಂದಳು.

ಆ ಶನಿವಾರ ಅಂಕೋಲೆಯಿಂದ ಬಸ್ಸು ಹಿಡಿದು ಹೋದೆವು. ಅವಳು ಸಮುದ್ರದ ಬದಿಯ ಕಿಟಕಿ ಬಿಟ್ಟು ಗುಡ್ಡದ ಬದಿಗೆ ಕೂತಳು. ಮೆಟ್ಟಿಲ ಮೇಲಿದ್ದ ತಾಯಂದಿರು ನನ್ನ ಚೂಡಿದಾರ ನೋಡಿ ಬಾಯಿಗೆ ಸೆರಗು ಹಚ್ಚಿದರು. "ಏನೇ, ದಸರಾಕ್ಕೆ ನಿಂದೂ ಡ್ಯಾನ್ಸಾ?" ಎಂದಳು ರಾಗಿ ಅಂಬಲಿಯವಳು. "ಹೌದೆ, ನೀ ಹಾರ ತಕಂಡು ಬಾ," ಅಂದು ಹತ್ತಿದೆ. ಹಾಲ್‌ನಲ್ಲಿ ಹುಡುಗಿಯರು ಏದುಸಿರು ಬಿಡುತ್ತ ನಿಂತಿದ್ದರು. ಅಕ್ಕೋರು ನನ್ನನ್ನು ಕಂಡು ಆಶ್ಚರ್ಯಪಟ್ಟರೋ ಇಲ್ಲವೋ ತಿಳಿಯಲಿಲ್ಲ. "ಹಾಂ, ಬನ್ನಿ, ಗೋಡೆ ಹತ್ರ ಜಾಗ ಅದೆ," ಎಂದರು, ನನ್ನನ್ನು ಮೊದಲೇ ಕಾದಿದ್ದವರಂತೆ. ಮಗಳು ನನ್ನ ಕಡೆಗೊಮ್ಮೆ ನೋಡಿದಳು. ಅವಳಿಗೆ ಅನುಮಾನ ಹುಟ್ಟಿತ್ತು, ಆಯಿ ಹೇಳಿದ್ದು ನಿಜವೇ ಇರಬಹುದೇ ಎಂದು.

ಮೊದಲು ಸುಮ್ಮನೆ ನಡೆಯುವುದು. ಹಾಲ್‌ನ ಸುತ್ತ, ಕೈ ಜೋಲು ಬಿಟ್ಟು, ಉಸಿರು ತಗ್ಗುವ ತನಕ. ಆಮೇಲೆ ಗೋಡೆಗೆ ಎರಡೂ ಕೈ ಕೊಟ್ಟು ಒಂದು ಕಾಲನ್ನು ಹಿಂದೆ ಇಟ್ಟು ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಲ್ಲುವುದು. ಮೀನಖಂಡದಲ್ಲಿ ದಾರ ಎಳೆದ ಹಾಗಾಗುತ್ತದೆ. ಕೂತು ಅಂಗಾಲಿಗೆ ಅಂಗಾಲು ಹಚ್ಚಿ ಮೊಣಕಾಲುಗಳನ್ನು ಎರಡು ಬದಿಗೆ ಬಿಡುವುದು, ಅದುಮಬಾರದು. ಪಾದವನ್ನು ಗಾಳಿಯಲ್ಲಿ ದುಂಡಗೆ ತಿರುಗಿಸುವುದು, ಆ ಕಡೆ, ಈ ಕಡೆ. ಮಂಡಿ ಮಡಚಿ ಕೂತು ಹಣೆಯನ್ನು ನೆಲಕ್ಕೆ ಇಟ್ಟು ಕೈಗಳನ್ನು ಮುಂದೆ ಚಾಚಿ ಹಾಗೇ ಇರುವುದು. ಇವನ್ನೆಲ್ಲ ಬೇರೆಯವರು ಮಾಡುವಾಗ ನೋಡಿದರೆ ಮಕ್ಕಳ ಆಟ. ಮಾಡಿದರೆ ತಿಳಿಯುತ್ತದೆ. ನಾನು ಒಂದೊಂದಕ್ಕೂ "ಅವ್ವಾ" ಎನ್ನುತ್ತಿದ್ದೆ, ಮುಂದಿನ ಸಾಲಿನಲ್ಲಿ ನಗು. ಮಗಳು ಮಾತ್ರ ಪೆಟ್ಟಾದ ಕಾಲಿನ ಮೊಣಕಾಲನ್ನು ಸ್ವಲ್ಪ ಮಡಚಿ ಇಟ್ಟುಕೊಂಡು, ಅಕ್ಕೋರು ಹೇಳಿದಷ್ಟೇ ಮಾಡಿ, ನಗದೆ ಕೂತಿದ್ದಳು.

"ಎಳೆತ ಗೊತ್ತಾಗಬೇಕು, ನೋವು ಆಗಬಾರದು," ಎಂದು ಅಕ್ಕೋರು ಸಾಲುಗಳ ನಡುವೆ ನಡೆಯುತ್ತ ಹೇಳುತ್ತಿದ್ದರು. "ಜಗ್ಗೂದಿಲ್ಲ. ಕುಪ್ಪಳಿಸೂದಿಲ್ಲ. ಅಲ್ಲಿಗೆ ಹೋಗಿ ನಿಂತು, ಉಸಿರು ಬಿಟ್ಟು, ಕಾಯಿರಿ."

ಕೊನೆಗೆ ಎಲ್ಲರೂ ಅಂಗಾತ ಮಲಗಬೇಕು. ಮಲಗಿದೆವು. ದೀಪ ಆರಿಸಿದ್ದರು, ಕಿಟಕಿಯಿಂದ ಸಂಜೆಯ ಬೆಳಕು ಇತ್ತು. ಮಗಳು ಪಕ್ಕದಲ್ಲೇ ಇದ್ದಳು. ಅವಳ ಕೈ ನನ್ನ ಸೊಂಟದ ಅಡಿಗೆ ಬಂತು.

"ಆಯಿ," ಎಂದು ಪಿಸುಗುಟ್ಟಿದಳು, "ನಿನ್ನ ಬೆನ್ನು ನೆಲಕ್ಕೆ ತಾಗೂದೇ ಇಲ್ಲ."

ಅಕ್ಕೋರು ಬಗ್ಗಿ ನೋಡಿದರು. "ಎಲ್ಲರಿಗೂ ಸ್ವಲ್ಪ ಸಂದು ಇರ್ತದೆ ಬಾಯ್. ನಿಮ್ದರಲ್ಲಿ ಮಾತ್ರ ಬೆಕ್ಕು ಮರಿ ಹಾಕಬಹುದು." ಹುಡುಗಿಯರು ಕಿಸಕ್ಕೆಂದರು. ನಾನೂ ನಗತೊಡಗಿದ್ದೆ. ಅಷ್ಟರಲ್ಲಿ ಅವರು ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ, ಮೆಲ್ಲಗೆ ನನ್ನ ಸೊಂಟದ ಅಡಿಗೆ ಸರಿಸಿದರು. ಆ ಮಡಚಿದ ಬಟ್ಟೆ ಬೆನ್ನಿಗೆ ತಾಗಿದ್ದೇ ನನ್ನ ನಗು ನಿಂತುಹೋಯಿತು.

ನನ್ನ ಆಯಿ ಬೇರೆಯವರ ಗದ್ದೆಯಲ್ಲಿ ನೆಟ್ಟಿ ಮಾಡಿ ನಮ್ಮನ್ನು ಸಾಕಿದವಳು. ಮಳೆಗಾಲ ಪೂರ್ತಿ ಬಗ್ಗಿ ಸಸಿ ನೆಡುವುದು, ಸುಗ್ಗಿಯಲ್ಲಿ ಬಗ್ಗಿ ಕೊಯ್ಯುವುದು. ಭತ್ತವನ್ನು ನೆರಳಲ್ಲಿ ಆರಿಸಬೇಕು ಎಂದು ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದವಳಿಗೆ ತಾನು ಆರಲು ಪುರುಸೊತ್ತು ಇರಲಿಲ್ಲ. ಗದ್ದೆಯಿಂದ ಬಂದವಳು ಬಗ್ಗಿದ ಬೆನ್ನಲ್ಲೇ ಒಲೆ ಊದುತ್ತಿದ್ದಳು, ಬಗ್ಗಿದಲ್ಲೇ ಗುಡಿಸುತ್ತಿದ್ದಳು. ವಯಸ್ಸಾದ ಮೇಲೆ ಅವಳ ಬೆನ್ನು ನೆಟ್ಟಗಾಗುವುದನ್ನೇ ಬಿಟ್ಟಿತು. ನಮಗೆ ಅದು ಅವಳ ಆಕಾರವೇ ಆಗಿತ್ತು. ಅವಳು ತೀರಿಕೊಂಡ ದಿನ ಚಟ್ಟದ ಮೇಲೆ ಅಂಗಾತ ಮಲಗಿಸಲು ಹೋದರೆ ಆಗಲಿಲ್ಲ. ತಲೆ ಇಟ್ಟರೆ ಸೊಂಟ ಮೇಲೇಳುತ್ತಿತ್ತು, ಸೊಂಟ ಒತ್ತಿದರೆ ತಲೆ. ಹಿಡಿದವರಲ್ಲಿ ಒಬ್ಬ ವಯಸ್ಸಾದವರು ಕೈ ಬಿಟ್ಟು, "ಮುದುಕಿ ಇನ್ನೂ ನೆಟ್ಟಿಯಲ್ಲೇ ಇದ್ದಾಳಲ್ರೋ," ಎಂದರು. ಹಗುರಕ್ಕೆ ಹೇಳಿದ ಮಾತಲ್ಲ ಅದು. ಹೇಳಿ ತಾವೇ ಅತ್ತರು. ಆಮೇಲೆ ಅವಳದೇ ಒಂದು ಹಳೆ ಸೀರೆಯ ಮಡಿಕೆಯನ್ನು ಬೆನ್ನ ಅಡಿಗೆ ಕೊಟ್ಟರು. ಮಡಚಿ ಕೊಟ್ಟವಳು ನಾನು.

ಹಬ್ಬುವಾಡದ ಆ ಹಾಲ್‌ನಲ್ಲಿ ನನ್ನ ಕಿವಿಯೊಳಗೆ ನೀರು ಇಳಿಯುತ್ತಿತ್ತು. ಅಂಗಾತ ಮಲಗಿ ಅತ್ತರೆ ಕಣ್ಣೀರು ಕಿವಿಗೆ ಹೋಗುತ್ತದೆ ಎನ್ನುವುದು ಮರೆತೇಹೋಗಿತ್ತು. ಮಗಳು ಕತ್ತು ತಿರುಗಿಸಿ ನೋಡಿದಳು. ಸೊಂಟದ ಅಡಿಗೆ ತಂದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಾಪಸು ಬಸ್ಸಿನಲ್ಲಿ ಅವಳೇ ಮಾತು ತೆಗೆದಳು. "ಅಜ್ಜಿಗೆ ಸೀರೆ ಇಟ್ಟದ್ದು ನೆನಪಾಯ್ತಾ?" ಆ ದಿನ ಅವಳೂ ಅಂಗಳದಲ್ಲಿದ್ದಳು, ಸಣ್ಣವಳು. ನೋಡಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಹೂಂ ಅಂದೆ. ಅವಳು, "ನಾಳೆ ಬೆಳಿಗ್ಗೆಯಿಂದ ಅಂಗಡೀಲಿ ಮಾಡ್ವ. ಬಾಗಿಲು ತೆಗೆಯೂಕೆ ಮೊದ್ಲು. ಆದ್ರೆ ಎದ್ದ ಮೈಲಲ್ಲ, ಮೊದ್ಲು ನಡೀಬೇಕು," ಅಂದಳು. ಎದ್ದ ಮೈಯ ಮಾತು ಹೇಳುವಾಗ ಅವಳ ದನಿ ಸ್ವಲ್ಪ ಸಣ್ಣಗಾಯಿತು.

ಹಾಗೆ ಶುರುವಾಯಿತು. ಅಕ್ಕಿ ಚೀಲಗಳ ನಡುವೆ, ಭತ್ತ ಹರವುವ ಹಳೆ ಚಾಪೆ. ಮಲಗಿ ಒಂದು ಕಾಲು ಮೇಲೆತ್ತಿ, ಪಾದಕ್ಕೆ ಪಂಚೆ ಸುತ್ತಿ ಎರಡೂ ತುದಿ ಕೈಯಲ್ಲಿ ಹಿಡಿದುಕೊಳ್ಳುವುದು. ಅವಳ ಪೆಟ್ಟಿನ ಕಾಲು ಮೊದಮೊದಲು ಸ್ವಲ್ಪ ಎದ್ದು ಅಲ್ಲೇ ನಡುಗುತ್ತಿತ್ತು. ಅವಳು ಹಲ್ಲು ಕಚ್ಚಿ ಪಂಚೆ ಎಳೆಯಲು ಹೋಗುತ್ತಿದ್ದಳು. ಅಲ್ಲಿ ನನ್ನ ಕಸುಬು ಉಪಯೋಗಕ್ಕೆ ಬಂತು.

"ತಂಗಿ, ಇದು ವ್ಯಾಪಾರ," ಅಂದೆ, ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. "ದರ ಹೇಳಿ ಆದ್ಮೇಲೆ ಬಾಯಿ ಮುಚ್ಕಂಡು ಕೂರ್ಬೇಕು. ಮತ್ತೆ ಮತ್ತೆ ಕೇಳಿದ್ರೆ ಎದ್ರಿನವ್ರು ಬಿಗಿ ಆತಾರೆ. ಸುಮ್ನೆ ಕೂತ್ರೆ ಅವ್ರೇ ಒಂದು ಚೂರು ಇಳೀತಾರೆ. ನೀ ಅಲ್ಲಿಗೆ ಹೋಗಿ ಸುಮ್ನೆ ಕೂರು."

"ಇಳೀದಿದ್ರೆ?"

"ನಾಳೆ ಮತ್ತೆ ಅಂಗಡಿ ಬಾಗಿಲು ತೆಗೂದು."

ಓದುವವರಿಗೂ ನಾನು ಹೇಳುವುದು ಇದನ್ನೇ. ಮನೆಯಲ್ಲಿ ಕುಣಿಯುವ, ಓಡುವ, ಯಾವುದೇ ಆಟ ಆಡುವ ಮಕ್ಕಳಿದ್ದರೆ ಕೊನೆಯ ಆ ಸ್ವಲ್ಪ ಹೊತ್ತನ್ನು ಬಸ್ಸಿಗಾಗಿ, ಟ್ಯೂಶನ್ನಿಗಾಗಿ ಕತ್ತರಿಸಬೇಡಿ. ಮಾಲು ಚೆನ್ನಾಗಿದ್ದು ಆರಿಸುವಾಗ ಕೆಟ್ಟದ್ದನ್ನು ನಾನು ನೋಡಿದಷ್ಟು ಯಾರೂ ನೋಡಿಲ್ಲ. ಮೈ ಬಿಸಿ ಇಲ್ಲದಾಗ ಎಳೆಯಲು ಬಿಡಬೇಡಿ. ಮಗು ನೋವು ಅಂದರೆ ನೋವೇ, ಅಲ್ಲಿ ನಿಲ್ಲಿಸಿ, ನೋವು ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಮತ್ತು ದೊಡ್ಡವರು ನೀವೂ ಪಕ್ಕದಲ್ಲಿ ಚಾಪೆ ಹಾಕಿ. ಮಕ್ಕಳಿಗೆ ನೋಡುವವರು ಸಾಕಷ್ಟು ಜನ ಇರುತ್ತಾರೆ, ಜೊತೆಗೆ ನರಳುವವರು ಕಡಿಮೆ.

ಕ್ಲಾಸಿನ ಕೊನೆಗೆ ಹೋಗುವುದನ್ನು ಅವಳು ಬಿಡಲಿಲ್ಲ. ಆದರೆ ಪ್ರತಿ ಸಲ ಹಾಲ್‌ನ ಬಾಗಿಲಲ್ಲಿ ಅವಳ ಹೆಜ್ಜೆ ಒಂದು ಕ್ಷಣ ನಿಲ್ಲುತ್ತಿತ್ತು. ಒಳಗೆ ಅವಳ ತುಂಡನ್ನು ಇನ್ನೊಬ್ಬಳು ಅಭ್ಯಾಸ ಮಾಡುತ್ತಿದ್ದಳು. ಒಂದು ದಿನ ಆ ಹುಡುಗಿಯೇ ಬಂದು, "ತಿರುಗುವಾಗ ಕೈ ಎಲ್ಲಿಡೂದೇ? ನಂಗೆ ತಪ್ತದೆ," ಎಂದು ಕೇಳಿದಳು. ನನ್ನ ಮಗಳು ಕೂತಲ್ಲಿಂದಲೇ ಕೈ ಎತ್ತಿ ತೋರಿಸಿದಳು. ತೋರಿಸಿ ಆದ ಮೇಲೂ ಕೈ ಸ್ವಲ್ಪ ಹೊತ್ತು ಮೇಲೆಯೇ ಇತ್ತು. ಆ ದಿನ ಬಸ್ಸಿನಲ್ಲಿ ಅವಳು ನನ್ನ ಹೆಗಲ ಮೇಲೆ ಅತ್ತಳು. ನಾನು ಬೆನ್ನು ಸವರಿದೆ.

ಕಾರ್ಯಕ್ರಮದ ದಿನ ಅವಳು ಬರುವುದಿಲ್ಲ ಅನ್ನುತ್ತಾಳೆಂದು ಹೆದರಿದ್ದೆ. ಬಂದಳು. ಅಕ್ಕೋರು ಅವಳಿಗೆ ವೇದಿಕೆಯ ಹಿಂದೆ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟಿದ್ದರು. ನಾನು ಮುಂದೆ ಕೂತು ನೋಡಲಾರದೆ ಹಿಂದಿನ ಬಾಗಿಲ ಹತ್ತಿರ ನಿಂತೆ. ಅವಳ ತುಂಡಿನ ಸಂಗೀತ ಬಂದಾಗ ಅವಳು ಪರದೆಯ ಅಂಚು ಹಿಡಿದು ನಿಂತಿದ್ದಳು. ಪಾದ ಮಾತ್ರ ನೆಲ ಬಿಡದೆ ಮುಂದಕ್ಕೆ ಚಾಚಿ ಹಿಂದಕ್ಕೆ ಬರುತ್ತಿತ್ತು.

ಕೊನೆಯ ಚಪ್ಪಾಳೆ ಮುಗಿದದ್ದೇ ಗದ್ದಲ ಶುರುವಾಯಿತು. ಅಕ್ಕೋರನ್ನು ಫೋಟೋಕ್ಕೆ ಎಳೆದುಕೊಂಡು ಹೋದರು. ಹೂ, ಮಿಠಾಯಿ, ಪಾನಕದ ಬಾಟಲಿ ಹಿಡಿದುಕೊಂಡ ತಂದೆತಾಯಂದಿರು ಹಿಂದಿನ ಕೋಣೆಗೆ ನುಗ್ಗಿದರು. ಮಕ್ಕಳು ಬೆವರುತ್ತ, ಕುಣಿಯುತ್ತಲೇ ಅವರ ಕಡೆ ಓಡಿದವು. ಆಗ ನನ್ನ ಮಗಳು ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಆರದೇ ಯಾರೂ ಹೋಗೂಕಿಲ್ಲ."

ಮಕ್ಕಳು ನಿಂತವು. ತಂದೆತಾಯಂದಿರು ನಿಲ್ಲಲಿಲ್ಲ. "ಏ ತಂಗಿ, ಫೋಟೋ ತೆಗಿಬೇಕು, ಆಮೇಲೆ ಮಾಡ್ತಾರೆ ಬಿಡೆ," ಎಂದರು ಒಬ್ಬರು. "ನಮಗೆ ಅಂಕೋಲೆ ಬಸ್ಸದೆ," ಎಂದರು ಇನ್ನೊಬ್ಬರು. ಮಗಳು ನನ್ನ ಕಡೆ ನೋಡಿದಳು. ನಾನು ಹೋಗಿ ಬಾಗಿಲ ಹೊರಗೆ ಒಂದು ಕುರ್ಚಿ ಎಳೆದುಕೊಂಡು ಅಡ್ಡಕ್ಕೆ ಕೂತೆ.

"ಸ್ವಲ್ಪ ಬಿಡೆ ಮಾರಾಯ್ತಿ," ಅಂದಳು ರಾಗಿ ಅಂಬಲಿಯವಳು, ಮಗಳಿಗೆ ಕೊಡಲು ತಂದಿದ್ದ ಗುಲಾಬಿ ಹಿಡಿದುಕೊಂಡು. "ಅರ್ಧ ಆರಿದ್ರೂ ಸಾಕು."

"ಅರ್ಧ ಆರಿದ ಅಕ್ಕಿ ನಿನ್ನ ಮನೆಗೆ ಕಳಿಸ್ಲಾ?" ಅಂದೆ. "ಬಸ್ಸು ನಂಗೂ ಅದೆ. ಕೂತ್ಕ."

ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಒಳಗಿನಿಂದ ಮಗಳ ದನಿ ಬರುತ್ತಿತ್ತು, ಅಕ್ಕೋರ ಮಾತಿನಲ್ಲಿ ನಮ್ಮ ಮನೆಯ ಮಾತು ಬೆರೆಸಿಕೊಂಡು. ನಡೀರಿ, ಕೈ ಜೋಲು ಬಿಡಿ. ಗೋಡೆ ಹಿಡೀರಿ. ಜಗ್ಗೂದಲ್ಲ, ಅಲ್ಲಿಗೆ ಹೋಗಿ ಸುಮ್ನೆ ಕೂರಿ. ಆಮೇಲೆ ಎಲ್ಲರೂ ಮಲಗಿದ ಸದ್ದು. ಆಮೇಲೆ ಸದ್ದೇ ಇಲ್ಲ.

ಫೋಟೋ ಮುಗಿಸಿ ಬಂದ ಅಕ್ಕೋರು ಅಲ್ಲಿ ಸಾಲಾಗಿ ಕೂತಿದ್ದವರನ್ನು ನೋಡಿ ನನ್ನ ಕುರ್ಚಿ ದಾಟಿ ಬಾಗಿಲಲ್ಲಿ ನಿಂತರು. ನೆಲದ ಮೇಲೆ ಬಣ್ಣಬಣ್ಣದ ಬಟ್ಟೆಯ ಸಣ್ಣ ಸಣ್ಣ ಮಕ್ಕಳು ಕಣ್ಣು ಮುಚ್ಚಿ ಮಲಗಿದ್ದವು. ನನ್ನ ಮಗಳು ಅವರ ನಡುವೆ ಬಗ್ಗಿ ಒಬ್ಬಳ ತಲೆ ಸರಿಮಾಡಿ ನೆಟ್ಟಗಾದಳು. ಅಕ್ಕೋರು ಅವಳು ನಡೆಯುವುದನ್ನು ನೋಡುತ್ತಿದ್ದರು, ಮುಖ ಅಲ್ಲ, ಕಾಲು.

"ದೀಪಾವಳಿ ಆದ ಮೇಲಿನ ಶನಿವಾರ," ಎಂದರು ಮೆಲ್ಲಗೆ, "ಡಾಕ್ಟರು ಹೂಂ ಅಂದ್ರೆ, ಶುರುವಿಗೇ ಬಾ."

ಮಗಳು ತಲೆ ಆಡಿಸಿದಳು. ನಗಲಿಲ್ಲ, ಹಾರಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಕೇಳಿದಳು: "ಹಂಗಾರೆ ಕೊನೆಗೆ ನೀ ಒಬ್ಳೇ ಬರ್ತೆಯಾ?"

"ಬರ್ತೆ. ಅಡ್ಡಿಲ್ಲ," ಅಂದೆ.

ಡಾಕ್ಟರು ಹೂಂ ಅಂದರು. ಅವಳು ಈಗ ಶುರುವಿಗೆ ಹೋಗುತ್ತಾಳೆ, ನಾನು ಕೊನೆಗೆ ಹತ್ತುತ್ತೇನೆ. ದೀಪ ಆರಿದ ಮೇಲೆ ಅವಳು ಬಂದು ನನ್ನ ಪಕ್ಕದಲ್ಲಿ ಮಲಗಿ, ಬೆವರಿದ ಕೈಯನ್ನು ನನ್ನ ಸೊಂಟದ ಅಡಿಗೆ ಸರಿಸಿ ನೋಡುತ್ತಾಳೆ. ಮೊದಲು ಮುಷ್ಟಿ ಹೋಗುತ್ತಿತ್ತು, ಈಗ ಚಪ್ಪಟೆ ಅಂಗೈ ಮಾತ್ರ ಹೋಗುತ್ತದೆ.